ನೊರೆ

ಒಲೆಯ ಮೇಲೆ ಎರಡು ಪಾತ್ರೆಗಳಿವೆ. ಒಂದರಲ್ಲಿ ಅರ್ಧದಷ್ಟು ನೀರು, ಇನ್ನೊಂದರಲ್ಲಿ ಅಷ್ಟೇ ಹಾಲು. ನೀರು ಎಷ್ಟು ಹೊತ್ತು ಕೊತಕೊತನೆ ಕುದಿದರೂ ಪಾತ್ರೆಯ ಅಂಚನ್ನು ದಾಟುವುದಿಲ್ಲ; ಹಬೆಯಾಗಿ ಕಡಮೆಯಾಗುತ್ತ ಕೊನೆಗೆ ತಳ ಕಾಣುತ್ತದೆಯೇ ಹೊರತು ಉಕ್ಕುವುದಿಲ್ಲ. ಹಾಲಿನ ನಡತೆಯೇ ಬೇರೆ. ಬಹಳ ಹೊತ್ತು ಏನೂ ಆಗದಂತೆ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಮೇಲೆದ್ದು, ನೋಡುನೋಡುತ್ತಿದ್ದಂತೆಯೇ ಹೊರಗೆ ಹರಿದು ಒಲೆಯನ್ನು ನಂದಿಸಿಬಿಡುತ್ತದೆ. ದಿನವೂ ನಡೆಯುವುದರಿಂದ ಇದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಆದರೆ ವಿಚಿತ್ರವೆಂಬುದು ದಿನವೂ ನಡೆದ ಮಾತ್ರಕ್ಕೆ ವಿಚಿತ್ರವಲ್ಲದೆ ಹೋಗುವುದಿಲ್ಲ.

ಕಾಯುವ ದ್ರವದ ತಳದಲ್ಲಿ ಹಬೆಯ ಗುಳ್ಳೆಗಳು ಹುಟ್ಟಿ ಮೇಲಕ್ಕೆ ಬರುತ್ತವೆ. ನೀರಿನ ಗುಳ್ಳೆ ಮೇಲ್ಮೈಯನ್ನು ಮುಟ್ಟಿದೊಡನೆ ಒಡೆದು ಹಬೆ ಗಾಳಿಗೆ ಸೇರುತ್ತದೆ. ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನುಗಳಿವೆ. ಕಾಯುತ್ತಿದ್ದಂತೆ ಅವು ಮೇಲೆ ಕೆನೆಯ ಮುಚ್ಚಳವಾಗುತ್ತವೆ. ಅಷ್ಟೇ ಅಲ್ಲ, ಪ್ರೋಟೀನು ಪ್ರತಿಯೊಂದು ಗುಳ್ಳೆಯ ಸುತ್ತಲೂ ತೆಳುವಾದ, ಗಟ್ಟಿಯಾದ ಅಂಗಿಯಾಗಿ ನಿಲ್ಲುತ್ತದೆ. ಅಂಗಿ ತೊಟ್ಟ ಗುಳ್ಳೆ ಬೇಗ ಒಡೆಯುವುದಿಲ್ಲ. ಹಿಂದಿನದು ಒಡೆಯುವ ಮೊದಲೇ ಮುಂದಿನದು ಕೆಳಗಿನಿಂದ ಬಂದು ಅದನ್ನು ನೂಕುತ್ತದೆ. ಹೀಗೆ ಗುಳ್ಳೆಯ ಮೇಲೆ ಗುಳ್ಳೆ ಕೂಡಿ, ಕೆನೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೇಲೇರುವುದನ್ನೇ ಹಾಲು ಉಕ್ಕುವುದೆನ್ನುತ್ತಾರೆ. ಉಕ್ಕುವುದು ಹಾಲಲ್ಲ, ಹಾಲಿನ ನೊರೆ.

ಈ ಉಕ್ಕಿಗೆ ಮನೆಯ ಹೆಂಗಸರು ಬಹು ಹಿಂದೆಯೇ ಉಪಾಯಗಳನ್ನು ಕಂಡುಕೊಂಡರು. ಪಾತ್ರೆಯ ಒಳ ಅಂಚಿಗೆ ಬೆರಳಿನಿಂದ ತುಸು ಬೆಣ್ಣೆ ಸವರುವುದು ಒಂದು. ಪಾತ್ರೆಯ ಬಾಯಿಗೆ ಅಡ್ಡಲಾಗಿ ಮರದ ಸೌಟನ್ನು ಇಡುವುದು ಇನ್ನೊಂದು. ಕೈಗೆ ಎಟುಕಿದಷ್ಟು ತಣ್ಣೀರು ಚಿಮುಕಿಸುವುದು ಮತ್ತೊಂದು. ಯಾವುದೂ ಪುಸ್ತಕದಿಂದ ಬಂದುದಲ್ಲ. ಎಲ್ಲವೂ ಕೆಲಸ ಮಾಡುತ್ತವೆ. ವಿನೋದವೆಂದರೆ ವರ್ಷವೆಲ್ಲ ಹಾಲು ಉಕ್ಕದಂತೆ ಕಾದುಕೊಳ್ಳುವ ಅದೇ ಮನೆಯವರು ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಲೆಂದು ಸುತ್ತಲೂ ನಿಂತು ಕಾಯುತ್ತಾರೆ. ಅಂದು ಉಕ್ಕಿದ್ದು ಶುಭ, ಮರುದಿನ ಉಕ್ಕಿದ್ದು ನಷ್ಟ.

ಕೆರೆಯ ವಿಷಯದಲ್ಲಿಯೂ ನಮ್ಮ ನಾಡಿನ ಜನ ಹೀಗೆಯೇ ಭಾವಿಸಿದ್ದಾರೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಸ್ಥಳಕ್ಕೆ ಕೋಡಿಯೆಂದು ಹೆಸರು. ಕೆರೆ ಕೋಡಿ ಹರಿಯಿತೆಂದರೆ ಊರಿಗೆ ಹಬ್ಬ. ಬಾಗಿನ ಅರ್ಪಿಸುವ ಪದ್ಧತಿ ಇಂದಿಗೂ ಉಂಟು. ಬೆಂಗಳೂರಿನ ಪೂರ್ವದಂಚಿನಲ್ಲಿರುವ ವರ್ತೂರಿನಲ್ಲಿ ‘ವರ್ತೂರು ಕೋಡಿ’ ಎಂಬುದು ಒಂದು ಬಸ್ಸು ನಿಲ್ದಾಣದ ಹೆಸರೇ ಆಗಿದೆ. ಅಲ್ಲಿ ಇಳಿದು ವೈಟ್‌ಫೀಲ್ಡಿನ ಕಚೇರಿಗಳಿಗೆ ಹೋಗುವವರಲ್ಲಿ ಎಷ್ಟೋ ಮಂದಿಗೆ ಆ ಹೆಸರಿನಲ್ಲಿ ಒಂದು ಕೆರೆ ಅಡಗಿದೆಯೆಂಬುದು ಹೊಳೆದಿರಲಾರದು. ಆದರೆ 2015ರ ಬೇಸಗೆಯಲ್ಲಿ ಕೋಡಿ ತಾನಾಗಿಯೇ ರಸ್ತೆಗೆ ಬಂದು ತನ್ನ ಇರವನ್ನು ತಿಳಿಸಿತು. ಬಂದುದು ನೀರಾಗಿರಲಿಲ್ಲ, ನೊರೆ. ಹಿಂಜಿದ ಅರಳೆಯಂತೆ ಬೆಳ್ಳಗೆ, ರಾಶಿರಾಶಿಯಾಗಿ, ಗಾಳಿಯಲ್ಲಿ ಹಾರುತ್ತ ಬಂದ ಆ ನೊರೆಯನ್ನು ನೋಡಲು ದೂರದೇಶದ ಪತ್ರಿಕೆಗಳವರೂ ಬಂದರು. ಹಾಲಿನ ಪಾತ್ರೆಯಲ್ಲಿ ನಡೆಯುವುದೂ ವರ್ತೂರಿನಲ್ಲಿ ನಡೆದುದೂ ಮೂಲದಲ್ಲಿ ಒಂದೇ ಬಗೆಯ ವ್ಯಾಪಾರ. ಅದನ್ನು ಅರಿಯಲು ಮೊದಲು ನೀರಿನ ಮೇಲ್ಮೈಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಒಳಗಿರುವ ಅಣುವಿಗೆ ಎಲ್ಲ ಕಡೆಯಿಂದಲೂ ಸೆಳೆತವಿದೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ನೆರೆಯವರಿಲ್ಲ. ಆದುದರಿಂದ ಅದು ಪಕ್ಕಕ್ಕೂ ಕೆಳಕ್ಕೂ ಸೆಳೆಯಲ್ಪಡುತ್ತದೆ. ಇದರಿಂದಾಗಿ ನೀರಿನ ಮೇಲ್ಮೈ ಬಿಗಿದು ಕಟ್ಟಿದ ಮದ್ದಳೆಯ ತೊಗಲಿನಂತೆ ಇರುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ನೀರುಜೇಡ ಕೆರೆಯ ಮೇಲೆ ಕಾಲು ನೆನೆಯದೆ ಓಡಾಡುವುದೂ ಮಳೆಹನಿ ದುಂಡಗಾಗುವುದೂ ಇದರಿಂದಲೇ. ಇಷ್ಟು ಬಿಗಿಯಾದ ಮೇಲ್ಮೈಯನ್ನು ಹರಡಿ ತೆಳು ಪೊರೆಯಾಗಿ ನಿಲ್ಲಿಸುವುದು ಸಾಧ್ಯವಿಲ್ಲ. ಶುದ್ಧವಾದ ನೀರನ್ನು ಎಷ್ಟು ಕಡೆದರೂ ನೊರೆ ನಿಲ್ಲದಿರುವುದಕ್ಕೆ ಇದೇ ಕಾರಣ.

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಗೆ ನೀರೆಂದರೆ ಇಷ್ಟ; ಬಾಲಕ್ಕೆ ನೀರು ಸೇರದು, ಎಣ್ಣೆಯ ಜಾತಿಯೇ ಇಷ್ಟ. ನೀರಿಗೆ ಬಿದ್ದೊಡನೆ ಈ ಅಣುಗಳು ಮೇಲ್ಮೈಯನ್ನು ಸೇರಿ, ತಲೆಯನ್ನು ನೀರಿನಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ಒತ್ತಾಗಿ ನಿಲ್ಲುತ್ತವೆ. ಗದ್ದೆಯಲ್ಲಿ ನಾಟಿ ಮಾಡಿದ ಪೈರನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಇವು ನಡುವೆ ಸೇರಿಕೊಂಡುದರಿಂದ ನೀರಿನ ಬಿಗಿತ ಸಡಿಲುತ್ತದೆ, ಪೊರೆ ಹಿಗ್ಗಿದರೂ ಹರಿಯುವುದಿಲ್ಲ. ಬಟ್ಟೆಯ ಕೊಳೆಯಲ್ಲಿರುವ ಜಿಡ್ಡನ್ನು ಬಾಲಗಳು ಕಚ್ಚುವುದು, ತಲೆಗಳು ಅದನ್ನು ನೀರಿಗೆ ಎಳೆದು ತರುವುದು, ಇದು ಒಗೆಯುವ ಕೆಲಸ. ನೊರೆ ಅದರ ಜೊತೆಗೆ ಬಂದ ನೆಂಟ, ಅಷ್ಟೆ. ನೊರೆ ಹೆಚ್ಚಾದಷ್ಟೂ ಬಟ್ಟೆ ಶುಭ್ರವಾಗುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದೆ, ಅದಕ್ಕೆ ಆಧಾರವಿಲ್ಲ.

ಸಾಬೂನು ಬರುವ ಮುಂಚೆ ತಲೆಗೆ ಸೀಗೆಕಾಯಿ, ರೇಷ್ಮೆಗೂ ಒಡವೆಗೂ ಅಂಟುವಾಳ ಬಳಕೆಯಲ್ಲಿದ್ದವು. ಅಂಟುವಾಳಕ್ಕೆ ನೊರೆಕಾಯಿ ಎಂಬ ಹೆಸರೂ ಇದೆ. ಇವುಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತು ಸಾಬೂನಿನ ಕೆಲಸವನ್ನೇ ಮಾಡುತ್ತದೆ. ಬೆಂಗಳೂರಿನ ಆಸುಪಾಸಿನ ಕೊಳವೆಬಾವಿಯ ನೀರಿನಲ್ಲಿ ಸಾಬೂನನ್ನು ಎಷ್ಟು ಉಜ್ಜಿದರೂ ನೊರೆ ಬಾರದೆ ಬಿಳಿಯ ಜಿಡ್ಡು ಗಷ್ಟು ಕೂಡುವುದನ್ನು ಅಲ್ಲಿನವರೆಲ್ಲ ಬಲ್ಲರು. ಬಂಡೆಗಳ ನಡುವಿನಿಂದ ಬಂದ ಆ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಅಂಶಗಳು ಕರಗಿರುತ್ತವೆ. ಅವು ಸಾಬೂನಿನ ಅಣುಗಳನ್ನು ಹಿಡಿದು ಕರಗದ ಗಷ್ಟನ್ನಾಗಿ ಮಾಡಿಬಿಡುತ್ತವೆ. ಇಂತಹ ನೀರನ್ನು ಗಡಸು ನೀರೆನ್ನುವರು. ಅದೇ ಸಾಬೂನು ಮಳೆಯ ನೀರಿನಲ್ಲಿ ಎರಡೇ ಉಜ್ಜಿಗೆ ಕೈತುಂಬ ನೊರೆಯಾಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಮಾರ್ಜಕಗಳಿಗೆ, ಎಂದರೆ ಒಗೆಯುವ ಪುಡಿಗಳಿಗೆ, ಗಡಸು ನೀರಿನ ಕಾಟ ಅಷ್ಟಾಗಿ ಇಲ್ಲ. ಭಾರತದಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಮಾರುಕಟ್ಟೆಗೆ ಬಂದ ಮೇಲೆ ಇವು ಮನೆಮನೆಯನ್ನೂ ಹೊಕ್ಕವು. ಗಡಸು ನೀರಿನ ಊರುಗಳಲ್ಲಿ ಬಟ್ಟೆ ಒಗೆಯುವವರಿಗೆ ಅದೊಂದು ಸಣ್ಣ ಗೆಲುವೇ ಆಗಿತ್ತು. ಆ ಗೆಲುವಿನ ನೀರು ಬಚ್ಚಲಿನಿಂದಾಚೆಗೆ ಎಲ್ಲಿಗೆ ಹೋಗುತ್ತದೆಂದು ಆಗ ಕೇಳಿದವರು ಕಡಮೆ.

ನೊರೆಗೆ ಮೂರು ಬೇಕು: ನೀರು, ಪೊರೆಯನ್ನು ಹಿಡಿದು ನಿಲ್ಲಿಸುವ ವಸ್ತು, ಗಾಳಿಯನ್ನು ಒಳಗೆ ನುಗ್ಗಿಸುವ ಒಂದು ಪೆಟ್ಟು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಮೊಳದೆತ್ತರದಿಂದ ಸುರಿಯುವ ಹೋಟೆಲಿನ ಮಾಣಿ ಈ ಮೂರನ್ನೂ ಲೀಲೆಯಿಂದ ಕೂಡಿಸುತ್ತಾನೆ. ಮೂರರಲ್ಲಿ ಒಂದನ್ನು ತೆಗೆದರೆ ನೊರೆ ಹುಟ್ಟದು. ಹುಟ್ಟಿದುದನ್ನು ಕೊಲ್ಲುವ ಬಗೆಯೂ ಒಂದಿದೆ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ರಸಕ್ಕೂ ಹಾಲೆಂದೇ ಹೆಸರು, ಮತ್ತು ಅದೂ ಹಾಲಿನಂತೆಯೇ ಉಕ್ಕುತ್ತದೆ. ಕೊಪ್ಪರಿಗೆಯ ಮುಂದೆ ನಿಂತವನು ಉಕ್ಕು ಮೇಲೇರುತ್ತಿರುವುದನ್ನು ಕಂಡು ನಾಲ್ಕು ಹನಿ ಹರಳೆಣ್ಣೆ ಹಾಕುತ್ತಾನೆ. ಆಳುದ್ದದ ಕೊಪ್ಪರಿಗೆಯ ನೊರೆ ಕ್ಷಣದಲ್ಲಿ ಕುಸಿಯುತ್ತದೆ. ಎಣ್ಣೆಯ ಹನಿ ಗುಳ್ಳೆಯ ಪೊರೆಯೊಳಕ್ಕೆ ನುಗ್ಗಿ, ಹರಡಿ, ಅದನ್ನು ತೆಳುವಾಗಿಸಿ ಒಡೆಯುತ್ತದೆ. ಹಾಲಿನ ಪಾತ್ರೆಯ ಅಂಚಿನ ಬೆಣ್ಣೆಯ ಗುಟ್ಟೂ ಇದೇ.

ಅಡಿಗೆಮನೆಯ ಇಂತಹ ಸಣ್ಣ ವಿಷಯವನ್ನು ಬಿಡದೆ ಹಿಡಿದು ವಿಜ್ಞಾನಕ್ಕೆ ಸೇರಿಸಿದವಳು ಜರ್ಮನಿಯ ಬ್ರನ್ಸ್‌ವಿಕ್ ನಗರದ ಆಗ್ನೆಸ್ ಪೊಕೆಲ್ಸ್. ಅವಳು ಹುಟ್ಟಿದ್ದು 1862ರಲ್ಲಿ. ಅವಳ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ತಂದೆತಾಯಿಗಳು ಕಾಯಿಲೆಯವರು, ಅವರ ಆರೈಕೆಯೂ ಮನೆಗೆಲಸವೂ ಅವಳ ಪಾಲಿಗೆ ಬಂದವು. ಪಾತ್ರೆ ತೊಳೆಯುವಾಗ ಜಿಡ್ಡು ಸೇರಿದ ನೀರಿನ ಮೇಲ್ಮೈ ಬೇರೆ ರೀತಿ ವರ್ತಿಸುವುದನ್ನು ಅವಳು ಗಮನಿಸಿದಳು. ಗಮನಿಸಿದವರು ಬೇರೆಯವರೂ ಇದ್ದಿರಬಹುದು, ಅವಳು ಅಳೆದಳು. ತಗಡಿನ ಒಂದು ತೊಟ್ಟಿ, ನೀರಿನ ಮೇಲೆ ಅಡ್ಡಲಾಗಿ ಸರಿಸಲು ಒಂದು ತಗಡಿನ ಪಟ್ಟಿ, ಒಂದು ತಕ್ಕಡಿ, ತಕ್ಕಡಿಗೆ ಕಟ್ಟಿದ ಒಂದು ಅಂಗಿಯ ಗುಂಡಿ, ಇವಿಷ್ಟೇ ಅವಳ ಪ್ರಯೋಗಶಾಲೆ. ನೀರಿನ ಮೇಲೆ ಕೂತ ಗುಂಡಿಯನ್ನು ಮೇಲೆತ್ತಲು ಎಷ್ಟು ತೂಕ ಬೇಕೆಂಬುದರಿಂದ ಅವಳು ಮೇಲ್ಮೈ ಎಳೆತವನ್ನು ಲೆಕ್ಕ ಹಾಕಿದಳು; ಪಟ್ಟಿಯನ್ನು ಸರಿಸಿ ಜಿಡ್ಡಿನ ಪೊರೆಯನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದಳು. ಹತ್ತು ವರ್ಷಗಳ ಈ ಕೆಲಸ ಊರಿನ ವಿದ್ವಾಂಸರ ಗಮನಕ್ಕೆ ಬೀಳಲಿಲ್ಲ. 1891ರ ಜನವರಿಯಲ್ಲಿ ಅವಳು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರೇಲಿಯವರಿಗೆ ಜರ್ಮನ್ ಭಾಷೆಯಲ್ಲಿ ಒಂದು ಕಾಗದ ಬರೆದಳು. ರೇಲಿಯವರ ಪತ್ನಿ ಅದನ್ನು ಇಂಗ್ಲಿಷಿಗೆ ತಂದರು. ರೇಲಿಯವರು ಅದನ್ನು ತಮ್ಮ ಶಿಫಾರಸಿನೊಡನೆ ‘ನೇಚರ್’ ಪತ್ರಿಕೆಗೆ ಕಳುಹಿಸಿದರು; ಅದೇ ವರ್ಷದ ಮಾರ್ಚಿಯಲ್ಲಿ ಅದು ಅಚ್ಚಾಯಿತು. ಬ್ರನ್ಸ್‌ವಿಕ್ಕಿನ ತಾಂತ್ರಿಕ ವಿದ್ಯಾಲಯ ಅವಳಿಗೆ ಗೌರವ ಡಾಕ್ಟರೇಟ್ ನೀಡಿದ್ದು 1932ರಲ್ಲಿ, ಅವಳ ಎಪ್ಪತ್ತನೆಯ ವಯಸ್ಸಿನಲ್ಲಿ. ಅವಳ ತೊಟ್ಟಿಯನ್ನು ಸುಧಾರಿಸಿಕೊಂಡು ಮೇಲ್ಮೈಗಳ ರಸಾಯನಶಾಸ್ತ್ರವನ್ನು ಬೆಳೆಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದೂ ಆ ವರ್ಷವೇ.

ಇನ್ನು ವರ್ತೂರಿಗೆ ಬರಬಹುದು. ಸುಮಾರು 440 ಎಕರೆಗಳಷ್ಟು ವಿಸ್ತಾರವಾದ ವರ್ತೂರು ಕೆರೆ ಬೆಂಗಳೂರಿನ ಕೆರೆಗಳಲ್ಲಿ ಎರಡನೆಯ ದೊಡ್ಡದು. ಮೊದಲನೆಯದು ಅದರ ಮೇಲುಗಡೆಯ ಬೆಳ್ಳಂದೂರು ಕೆರೆ. ಗಂಗರ ಕಾಲದಲ್ಲಿ ಕಟ್ಟಿಸಿದ್ದೆಂದು ಇದನ್ನು ಹೇಳುತ್ತಾರೆ. ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ ಬಂದು, ಅಲ್ಲಿಂದ ವರ್ತೂರಿಗೆ ಇಳಿದು, ವರ್ತೂರಿನ ಕೋಡಿಯಿಂದ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. ಒಂದು ಕಾಲಕ್ಕೆ ಇದು ಮಳೆಯ ನೀರು. ಕೆರೆಯ ಕೆಳಗಿನ ಗದ್ದೆತೋಟಗಳನ್ನು ಅದು ಬೆಳೆಸಿತು. ನಗರ ಬೆಳೆದಂತೆ ಅದೇ ದಾರಿಯಲ್ಲಿ ಲಕ್ಷಾಂತರ ಮನೆಗಳ ಬಚ್ಚಲಿನ ನೀರು ಶುದ್ಧಿಯಾಗದೆ ಹರಿಯತೊಡಗಿತು. ಒಂದು ಮನೆ ಒಂದು ದಿನ ಬಳಸುವ ಒಗೆಯುವ ಪುಡಿ ಒಂದೆರಡು ಚಮಚ. ಅಷ್ಟರಿಂದ ಕೆರೆಗೆ ಏನೂ ಆಗದು. ಆದರೆ ಆ ಕಣಿವೆಯಲ್ಲಿ ಚಮಚಗಳು ಲೆಕ್ಕಕ್ಕೆ ಸಿಗದಷ್ಟಿದ್ದವು.

ನೊರೆಯ ಮೂರು ಬೇಡಿಕೆಗಳೂ ವರ್ತೂರಿನಲ್ಲಿ ಪೂರೈಸಿದವು. ನೀರಿತ್ತು, ಮಾರ್ಜಕವಿತ್ತು, ಕೋಡಿಯಿಂದ ಧುಮುಕುವ ಪೆಟ್ಟು ಇತ್ತು. ಕೋಡಿಯನ್ನು ಕಟ್ಟಿದ ಹಳೆಯವರ ಉದ್ದೇಶ ಏರಿಯನ್ನು ಉಳಿಸುವುದಾಗಿತ್ತು; ಅದು ಮಾಣಿಯ ಲೋಟದಂತೆಯೂ ಕೆಲಸ ಮಾಡೀತೆಂದು ಅವರಿಗೆ ತಿಳಿಯುವ ಸಂಭವವಿರಲಿಲ್ಲ.

ಇಲ್ಲಿ ಒಂದು ಒಗಟಿದೆ. ಜೋರಾಗಿ ಮಳೆ ಬಂದರೆ ಕೊಳಕು ನೀರು ತಿಳಿಯಾಗಿ ನೊರೆ ಕಡಮೆಯಾಗಬೇಕು. ವರ್ತೂರು, ಬೆಳ್ಳಂದೂರುಗಳಲ್ಲಿ ಆದುದು ಇದಕ್ಕೆ ವಿರುದ್ಧ. ಮಳೆ ಸುರಿದ ಮರುದಿನವೇ ನೊರೆಯ ಬೆಟ್ಟಗಳು ಎದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕೆರೆಗಳ ನೀರನ್ನೂ ಹೂಳನ್ನೂ ಪರೀಕ್ಷಿಸಿ ಉತ್ತರ ಹುಡುಕಿದರು. ಮಾರ್ಜಕದ ಅಣುಗಳಲ್ಲಿ ಒಂದು ಭಾಗ ನೀರಿನಲ್ಲಿ ಉಳಿಯದೆ ಕೊಳಕಿನ ಕಣಗಳಿಗೆ ಅಂಟಿಕೊಂಡು ತಳದ ಹೂಳನ್ನು ಸೇರುತ್ತದೆ. ವರ್ಷಗಟ್ಟಲೆ ಹೀಗೆ ಸೇರಿ ಕೆರೆಯ ತಳವೇ ಮಾರ್ಜಕದ ಉಗ್ರಾಣವಾಗುತ್ತದೆ. ರಭಸದ ಮಳೆನೀರು ಆ ಹೂಳನ್ನು ಕಲಕಿ, ಅಡಗಿದ್ದುದನ್ನು ಮೇಲೆಬ್ಬಿಸುತ್ತದೆ. ಅದೇ ವೇಳೆಗೆ ಕೆರೆಯ ಮಟ್ಟ ಏರಿ ಕೋಡಿಯ ಧುಮುಕು ಬಲವಾಗುತ್ತದೆ. ಜೊತೆಗೆ ನೀರಿನಲ್ಲಿ ತೇಲುವ ಸಣ್ಣ ಕಣಗಳೂ ಏಕಾಣುಜೀವಿಗಳೂ ಗುಳ್ಳೆಯ ಪೊರೆಯಲ್ಲಿ ಸೇರಿಕೊಂಡು ಅದನ್ನು ಗಟ್ಟಿಮಾಡುತ್ತವೆ. ಹಾಲಿನಲ್ಲಿ ಪ್ರೋಟೀನು ಮಾಡಿದ ಕೆಲಸವನ್ನೇ ಇಲ್ಲಿ ಕೊಳಕು ಮಾಡುತ್ತದೆ. ಆದುದರಿಂದಲೇ ಕೆರೆಯ ನೊರೆ ಬಚ್ಚಲಿನ ನೊರೆಯಂತೆ ಬೇಗ ಅಡಗದೆ ಗಂಟೆಗಟ್ಟಲೆ ನಿಂತು, ಗಾಳಿಗೆ ಹಾರಿ ರಸ್ತೆಗೂ ಅಂಗಡಿಗಳಿಗೂ ಬಂದಿತು.

ಹಾರುವುದಕ್ಕೆ ಕಾರಣ ಸರಳ. ಒಣಗಿದ ನೊರೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಗಾಳಿ. ಕಪ್ಪು ನೀರಿನಿಂದ ಎದ್ದ ನೊರೆ ಏಕೆ ಬೆಳ್ಳಗಿತ್ತೆಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಒಂದೊಂದು ಪೊರೆಯಲ್ಲಿರುವ ನೀರು ಬಣ್ಣ ಕಾಣದಷ್ಟು ತೆಳುವು. ಅಂತಹ ಸಾವಿರಾರು ಪೊರೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಕಣ್ಣಿಗೆ ಬಿಳುಪು ತೋರುತ್ತದೆ. ಕಲ್ಲುಸಕ್ಕರೆಯನ್ನು ಕುಟ್ಟಿದರೆ ಬಿಳಿಯ ಪುಡಿಯಾಗುವುದು ಇದೇ ರೀತಿಯಲ್ಲಿ. ನೊರೆಯ ಬಿಳುಪನ್ನು ಕಂಡು ಹಿಮವೆಂದು ಚಿತ್ರ ತೆಗೆದುಕೊಂಡವರೂ ಇದ್ದರು. ಅದರ ನಡುವೆ ದಿನವೂ ದ್ವಿಚಕ್ರ ವಾಹನದಲ್ಲಿ ಓಡಾಡುತ್ತಿದ್ದವರಿಗೆ ಮಾತ್ರ ಅದು ದಾರಿ ಕಾಣದ, ಮೈ ತುರಿಸುವ, ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಪೀಡೆಯಾಗಿತ್ತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ಯಮಲೂರಿನ ಕಡೆ ನೊರೆಗೆ ಬೆಂಕಿಯೂ ಹತ್ತಿತು. ನೀರಿನ ಗುಳ್ಳೆ ಉರಿಯುವುದುಂಟೆ? ಗುಳ್ಳೆಯೊಳಗೆ ಕೊಳೆತ ಹೂಳಿನಿಂದೆದ್ದ ಉರಿಯುವ ಅನಿಲ ಸೇರಿದ್ದರೆ, ಇಲ್ಲವೆ ಪೊರೆಯಲ್ಲಿ ಎಣ್ಣೆಯ ಅಂಶ ಬೆರೆತಿದ್ದರೆ ಉರಿಯಬಲ್ಲದು.

ನೊರೆ ರಸ್ತೆಗೆ ಬಾರದಂತೆ ಅಂಚಿನಲ್ಲಿ ಎತ್ತರದ ಬಲೆಗಳನ್ನು ಕಟ್ಟಿದರು. ನೀರು ಚಿಮುಕಿಸಿ ಗುಳ್ಳೆಗಳನ್ನು ಒಡೆಯಲು ಯಂತ್ರಗಳನ್ನು ಇಟ್ಟರು. ಪಾತ್ರೆಯ ಬಾಯಿಗೆ ಇಟ್ಟ ಸೌಟು, ಕೈಯಿಂದ ಚಿಮುಕಿಸಿದ ತಣ್ಣೀರು ಇವೆರಡರ ನೆನಪಾಗದಿರದು. ಉಕ್ಕುವ ಹೊತ್ತಿಗೆ ಇವು ಬೇಕು. ಆದರೆ ಉರಿಯನ್ನು ತಗ್ಗಿಸದೆ ಸೌಟಿನಿಂದಲೇ ಹಾಲನ್ನು ಕಾಯಲಾಗದು. ಎಣ್ಣೆ ಹಾಕಿದರಾಗದೆ ಎಂದು ಕೇಳುವವರಿಗೆ ಉತ್ತರ ಸುಲಭ. ಕೊಪ್ಪರಿಗೆಯ ಬೆಲ್ಲಕ್ಕೆ ನಾಲ್ಕು ಹನಿ ಹರಳೆಣ್ಣೆ ಬಾಧೆಯಲ್ಲ. ಕೆರೆಯ ಮೇಲೆ ಎಣ್ಣೆಯ ಪೊರೆ ಹರಡಿದರೆ ನೀರಿಗೆ ಗಾಳಿ ಸೇರುವ ದಾರಿಯೇ ಮುಚ್ಚುತ್ತದೆ.

ಉರಿ ತಗ್ಗಿಸಿದ ಉದಾಹರಣೆ ಬೇರೆ ದೇಶಗಳಲ್ಲಿದೆ. 1950ರ ದಶಕದಲ್ಲಿ ಇಂಗ್ಲೆಂಡ್, ಜರ್ಮನಿ, ಅಮೆರಿಕ ದೇಶಗಳ ನದಿಗಳ ಮೇಲೆ ಇಂತಹದೇ ನೊರೆ ಕಾಣಿಸಿಕೊಂಡಿತು. ಅಂದಿನ ಮಾರ್ಜಕದ ಅಣುವಿನ ಬಾಲ ಮರದ ಕೊಂಬೆಯಂತೆ ಕವಲೊಡೆದಿತ್ತು. ನೀರಿನ ಏಕಾಣುಜೀವಿಗಳಿಗೆ ಅದನ್ನು ತಿಂದು ಮುರಿಯಲು ಆಗುತ್ತಿರಲಿಲ್ಲ. ಜರ್ಮನಿ 1961ರಲ್ಲಿ ಶಾಸನ ಮಾಡಿ, 1964ರಿಂದ ಅಂತಹ ಮಾರ್ಜಕಗಳನ್ನು ತಡೆಯಿತು. ಅಮೆರಿಕದ ತಯಾರಕರು 1965ರ ವೇಳೆಗೆ ಕವಲಿಲ್ಲದ, ನೇರವಾದ ಬಾಲದ ಅಣುವಿಗೆ ಬದಲಾಯಿಸಿಕೊಂಡರು. ಇಂದು ಎಲ್ಲೆಡೆ ಹೆಚ್ಚಾಗಿ ಬಳಕೆಯಲ್ಲಿರುವುದು ಈ ನೇರ ಬಾಲದ್ದೇ. ಏಕಾಣುಜೀವಿಗಳು ಅದನ್ನು ತಿನ್ನಬಲ್ಲವು. ಆದರೆ ಉಸಿರಾಡಲು ಅವಕ್ಕೆ ಆಮ್ಲಜನಕ ಬೇಕು, ಹೊತ್ತೂ ಬೇಕು. ವರ್ತೂರಿನ ದಟ್ಟವಾದ ಕೊಳಕಿನಲ್ಲಿ, ನೇರಳೆ ಹೂವಿನ ತೇಲುಕಳೆ ಹಾಸಿಕೊಂಡ ನೀರಿನಲ್ಲಿ, ಆಮ್ಲಜನಕವೇ ಇರಲಿಲ್ಲ. ಶುದ್ಧೀಕರಣ ಸ್ಥಾವರದ ತೊಟ್ಟಿಗಳಲ್ಲಿ ಮಾಡುವುದು ಈ ಎರಡನ್ನು ಒದಗಿಸುವ ಕೆಲಸ. ಅಲ್ಲಿ ಕೊಳಚೆನೀರಿಗೆ ಗಾಳಿಯನ್ನು ಊದಿ ಏಕಾಣುಜೀವಿಗಳನ್ನು ಬೆಳೆಸುತ್ತಾರೆ. ಗಾಳಿ ಊದುವುದರಿಂದ ಮೊದಮೊದಲು ಆ ತೊಟ್ಟಿಯಲ್ಲಿಯೂ ನೊರೆ ಏಳುತ್ತದೆ. ಜೀವಿಗಳು ಬೆಳೆದಂತೆ ತಾನಾಗಿ ಇಳಿಯುತ್ತದೆ.

2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಈ ಕೆರೆಗಳ ಸ್ಥಿತಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮುಂದಿನ ವರ್ಷಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವರ್ತೂರು ಕೆರೆಯ ನೀರನ್ನು ಬಸಿದು, ಕೊಳಚೆಯನ್ನು ಪಕ್ಕದ ಕಾಲುವೆಗೆ ತಿರುಗಿಸಿ, ಹೂಳೆತ್ತುವ ಕೆಲಸಕ್ಕೆ ಕೈಹಾಕಿತು. ಉಗ್ರಾಣವನ್ನು ಬರಿದು ಮಾಡಿದರೂ ಮತ್ತೆ ತುಂಬಿಸುವ ದಾರಿ ತೆರೆದಿದ್ದರೆ ಅದು ಪುನಃ ತುಂಬುವುದರಲ್ಲಿ ಸಂದೇಹವಿಲ್ಲ. ಆದುದರಿಂದ ಹೂಳಿಗಿಂತ ಮೇಲುಗಡೆಯ ಚರಂಡಿಗಳ ಮೇಲೆಯೇ ಎಲ್ಲವೂ ನಿಂತಿದೆ.

ಯಾವುದೇ ನೀರಿನ ನೊರೆಯ ಗುಣವನ್ನು ಪೊಕೆಲ್ಸಳಂತೆ ಮನೆಯ ಸಾಮಾನುಗಳಿಂದಲೇ ಅಳೆಯಬಹುದು. ಒಂದೇ ಅಳತೆಯ, ಮುಚ್ಚಳವಿರುವ ಮೂರು ಗಾಜಿನ ಸೀಸೆಗಳನ್ನು ಚೆನ್ನಾಗಿ ತೊಳೆದು, ಒಂದಕ್ಕೆ ಮಳೆಯ ನೀರು, ಇನ್ನೊಂದಕ್ಕೆ ಅಕ್ಕಿ ತೊಳೆದ ನೀರು, ಮತ್ತೊಂದಕ್ಕೆ ಊರಿನ ಕೆರೆಯ ನೀರು ಅರ್ಧರ್ಧ ತುಂಬಬೇಕು; ಕೆರೆಯ ನೀರು ಕೈಗೆ ಸೋಕದಂತೆ ಎಚ್ಚರವಿರಲಿ. ಪ್ರತಿಯೊಂದನ್ನೂ ಇಪ್ಪತ್ತು ಸಲ ಕುಲುಕಿ ನೆಲದ ಮೇಲಿಟ್ಟರೆ ಮಳೆಯ ನೀರಿನ ಗುಳ್ಳೆಗಳು ನೋಡುತ್ತಿರುವಂತೆಯೇ ಮಾಯವಾಗುತ್ತವೆ. ಅಕ್ಕಿ ತೊಳೆದ ನೀರಿನಲ್ಲಿ ಕೆಲವು ಹೊತ್ತು ನಿಲ್ಲುತ್ತವೆ. ಎಲೆ ಕೊಳೆತ ಕೆರೆಯ ನೀರೂ ಕೊಂಚ ನೊರೆ ಕಟ್ಟುವುದು ಸಹಜ. ಕೆರೆಯ ನೀರಿನ ನೊರೆ ಎಷ್ಟು ನಿಮಿಷ ನಿಂತಿತೆಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು, ಮುಂಗಾರಿನ ಮೊದಲ ದೊಡ್ಡ ಮಳೆಯಾದ ಮರುದಿನ ಅದೇ ಸ್ಥಳದಿಂದ ನೀರು ತಂದು ಮತ್ತೊಮ್ಮೆ ಕುಲುಕಿದರೆ, ಪಕ್ಕಪಕ್ಕದಲ್ಲಿಟ್ಟು ನೋಡಲು ಎರಡು ಅಂಕಿಗಳು ದೊರೆಯುತ್ತವೆ.